ದೊಡ್ಡ ಕುಳ, ಸಣ್ಣ ಕುಳ

‘ನನಗೆ ಯಾರ ಹಂಗೂ ಇಲ್ಲ’ ಅಂತ ಎದೆಯುಬ್ಬಿಸುವ ಫ್ರೀಲ್ಯಾನ್ಸ್ ಡಿಸೈನರ್ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಈ ತಿಂಗಳ ಬಾಡಿಗೆ ಯಾವ ಕುಳದ ದುಡ್ಡಲ್ಲಿ ಕಟ್ಟಿದಿರಿ ಸ್ವಾಮಿ? ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡದವರದು ಅಂದರೆ ನಂಬಬೇಡಿ. ಆ ದುಡ್ಡು ಇನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿಲ್ಲ.

ದೊಡ್ಡ ಕುಳದ ಮಡಿ ದೊಡ್ಡದು. ಗುಟ್ಟು ಬಿಟ್ಟುಕೊಡೆನೆಂಬ ಎನ್‌ಡಿಎ ಕರಾರಿಗೆ ಸಹಿ ಹಾಕಿ, ಪ್ಯಾನ್ ಕಾರ್ಡು, ಕ್ಯಾನ್ಸಲ್ ಮಾಡಿದ ಚೆಕ್ಕು ಎಲ್ಲ ಕಳಿಸಿ, ವೆಂಡರ್ ಕೋಡ್ ಕೈಗೆ ಬರುವಷ್ಟರಲ್ಲಿ ಕೆಲಸ ಕೊಟ್ಟ ಮೇಡಂ ಬೇರೆ ಕಂಪನಿಗೆ ಹಾರಿರುತ್ತಾರೆ. ಬಿಲ್ಲು ಕಳಿಸಿದರೆ ಪರ್ಚೇಸ್ ಆರ್ಡರ್ ನಂಬರ್ ಇಲ್ಲವೆಂದು ವಾಪಸ್. ಕರಾರಿನ ‘ನೆಟ್ 60’ ಅಂದರೆ ಅವರ ಲೆಕ್ಕದಲ್ಲಿ ಬಿಲ್ಲು ಒಪ್ಪಿಕೊಂಡ ಮೇಲೆ 60 ದಿನ. ಯಾವಾಗ ಒಪ್ಪಿಕೊಳ್ಳುತ್ತಾರೆ ಅನ್ನುವುದು ಅವರ ಚಿತ್ತ, ನಿಮ್ಮ ಭಾಗ್ಯ. ಕೊನೆಗೆ ಬಂದದ್ದರಲ್ಲಿ 10% ಟಿಡಿಎಸ್ ಮುರಿದುಕೊಂಡಿರುತ್ತಾರೆ.

ಸಣ್ಣ ಕುಳಕ್ಕೆ ಕರಾರೂ ಇಲ್ಲ, ಕೋಡೂ ಇಲ್ಲ. ಮಲ್ಲೇಶ್ವರದ ಸಾಂಬಾರ್ ಪುಡಿ ಅಂಗಡಿಯವರು ಅಂದುಕೊಳ್ಳಿ. ‘ಒಂದು ಲೇಬಲ್ ತಾನೇ ಸಾರ್’ ಅಂತ ಶುರು. ಆಮೇಲೆ ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜು: ಹಸಿರು ಇನ್ನೂ ಸ್ವಲ್ಪ ಹಸಿರಾಗಲಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಎಲ್ಲಿ ಕೂರಿಸಬೇಕೆಂದು ನೀವು ತಲೆ ಕೆರೆದುಕೊಳ್ಳುತ್ತಿದ್ದರೆ, ಅವರಿಗೆ ಮನೆದೇವರ ಚಿತ್ರ ಚಿಕ್ಕದಾಯಿತೆಂಬ ಚಿಂತೆ. ನಡುವೆ ಅಳಿಯ ತಲೆ ಹಾಕುತ್ತಾನೆ. ಅವನು ಮೊಬೈಲಲ್ಲೇ ಡಿಸೈನ್ ಮಾಡಬಲ್ಲವನು. ಆದರೆ ಯಜಮಾನರು ‘ಆಯ್ತು ಬಿಡಿ’ ಅಂದ ಗಳಿಗೆಯಲ್ಲೇ ನಿಮ್ಮ ಫೋನು ಠಣ್ ಅನ್ನುತ್ತದೆ. ಯುಪಿಐನಲ್ಲಿ ಪೂರ್ತಿ ದುಡ್ಡು, ಮೇಲೆ ಅರ್ಧ ಕೆಜಿ ಪುಡಿ.

ಆ ದುಡ್ಡಲ್ಲೇ ಬಾಡಿಗೆ, ಕರೆಂಟು, ಸಾಫ್ಟ್‌ವೇರ್ ಚಂದಾ. ಅಂದರೆ ಗಾಜಿನ ಕಟ್ಟಡದವರು ಕೊಡಬೇಕಾದ್ದನ್ನು ಕೊಡುವ ತನಕ ನಿಮ್ಮ ಒಲೆ ಉರಿಸುವವರು ಪುಡಿ ಅಂಗಡಿಯವರು. ಬಹುರಾಷ್ಟ್ರೀಯ ಕಂಪನಿಗೆ ಬಡ್ಡಿಯಿಲ್ಲದ ಕೈಗಡ ಕೊಡುತ್ತಿರುವುದು ಅವರಿಗೂ ಗೊತ್ತಿಲ್ಲ, ಪಾಪ. ಗೊತ್ತಾದರೆ ಬೋರ್ಡ್ ಮೀಟಿಂಗಿನಲ್ಲಿ ಒಂದು ಕುರ್ಚಿ ಕೇಳಬಹುದು.

ಕಾನೂನು ಇಲ್ಲವೇ? ಧಾರಾಳವಾಗಿದೆ. ಉದ್ಯಮ್ ನೋಂದಣಿ ಮಾಡಿಸಿದ್ದರೆ, ಕರಾರು ಏನೇ ಹೇಳಲಿ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿನ ಚಕ್ರಬಡ್ಡಿ. ಇದನ್ನೆಲ್ಲ ಓದಿ ರೋಷ ಉಕ್ಕಿದ ಫ್ರೀಲ್ಯಾನ್ಸರ್ ಸೆಕ್ಷನ್ ಸಮೇತ ಖಾರವಾದ ಮೇಲ್ ಬರೆಯುತ್ತಾನೆ. ಒಂದೊಂದೇ ಸಾಲು ಅಳಿಸುತ್ತಾನೆ. ಕಟ್ಟಕಡೆಗೆ ಕಳಿಸುವುದು ‘ಜೆಂಟಲ್ ರಿಮೈಂಡರ್’.

ಯಾಕೆಂದರೆ ದೊಡ್ಡ ಕುಳವನ್ನು ಬಿಡಲಾಗದು. ಬಂದಾಗ ಇಡುಗಂಟಾಗಿ ಬರುತ್ತದೆ. ಮದುವೆ ಮನೆಯಲ್ಲಿ ‘ಏನು ಮಾಡ್ಕೊಂಡಿದೀಯಪ್ಪಾ’ ಅಂದವರ ಬಾಯಿ ಮುಚ್ಚಿಸಲು ಆ ಹೆಸರು ಬೇಕು. ಸಾಂಬಾರ್ ಪುಡಿ ಅಂದರೆ ಸ್ಯಾಂಪಲ್ ಕೇಳುತ್ತಾರೆ.

ದೀಪಾವಳಿ ಹತ್ತಿರ ಬಂತೆಂದರೆ ಎರಡೂ ಕುಳಗಳಿಗೆ ಒಂದೇ ದಿನ ಅರ್ಜೆಂಟು. ಪಳಗಿದವನು ಕಂಪನಿಗೆ ‘ವರ್ಕ್ ಇನ್ ಪ್ರೋಗ್ರೆಸ್’ ಅಂತ ಒಂದು ಮೇಲ್ ಎಸೆದು ಪುಡಿಯ ಲೇಬಲ್ ಮುಗಿಸುತ್ತಾನೆ. ಕಂಪನಿಯ ಅರ್ಜೆಂಟು ಹೇಗೂ ಯಾರದೋ ಅಪ್ರೂವಲ್ಲಿಗೆ ಹೋಗಿ ಹಬ್ಬ ಮುಗಿಯುವ ತನಕ ಅಲ್ಲೇ ಮಲಗಿರುತ್ತದೆ.