25 ಎಚ್ 7 ಮಹಾತ್ಮೆ

ಹೆಸರು ಗೊತ್ತಿರುವ ಸಾಮಾನನ್ನು ಗುಜರಿಗೆ ಹಾಕುವುದು ಸುಲಭ. ತುಕ್ಕು ಹಿಡಿದ ಸೀಮೆಎಣ್ಣೆ ಸ್ಟವ್ವು, ಕಿವಿ ಮುರಿದ ಬಾಣಲೆ, ಕಾಲು ಕಳೆದುಕೊಂಡ ಕುರ್ಚಿ ಇವನ್ನೆಲ್ಲ ತೂಕಕ್ಕೆ ಹಾಕಿ, ಬಂದ ಚಿಲ್ಲರೆ ಎಣಿಸಿ ಮರೆತುಬಿಡಬಹುದು. ಏನೆಂದೇ ಗೊತ್ತಿಲ್ಲದ್ದನ್ನು ಹಾಕುವುದಕ್ಕೆ ಎದೆಗಾರಿಕೆ ಬೇಕು. ನಾಳೆ ಅದು ಟಿಪ್ಪು ಕಾಲದ್ದು ಅಂತಾದರೆ? ಗುಜರಿಯವನು ಅದನ್ನು ಮಾರಿ ನಮ್ಮ ಎದುರು ಸೈಟಿನಲ್ಲೇ ಮೂರಂತಸ್ತು ಎಬ್ಬಿಸಿದರೆ? ಈ ಭಯಕ್ಕೇ ನಮ್ಮ ಅಟ್ಟಗಳು ಇವತ್ತಿಗೂ ತುಂಬಿವೆ.

ನಮ್ಮ ಕಡೆಯ ಅಟ್ಟಗಳಲ್ಲಿ ಸಿಗುವುದು ಬಹುಪಾಲು ಕಬ್ಬಿಣ. ಬಸವನಗುಡಿಯವರಿಗೆ ಹಳೇ ಪಂಚಾಂಗದ ಕಟ್ಟೋ ತಂತಿ ಹರಿದ ತಂಬೂರಿಯೋ ಸಿಕ್ಕೀತು. ನಮಗೆ ಆ ಭಾಗ್ಯವಿಲ್ಲ. ರಾಜಾಜಿ ಗವರ್ನರ್ ಜನರಲ್ ಆಗಿದ್ದಾಗ, 1949ರಲ್ಲಿ, ಅವರ ಹೆಸರಿನ ಬಡಾವಣೆ ಶುರುವಾಗಿದ್ದೇ ಕೈಗಾರಿಕಾ ಉಪನಗರ ಅಂತ. ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ಇತ್ತ ಬಂತು. 1972ರಲ್ಲಿ ಡೆನ್ಮಾರ್ಕಿನವರ ನೆರವಿನಿಂದ ಸರ್ಕಾರಿ ಟೂಲ್ ರೂಮ್ ತೆರೆಯಿತು. ಅತ್ತ ಕಾಮಾಕ್ಷಿಪಾಳ್ಯದಲ್ಲಿ ಗಲ್ಲಿಗೊಂದು ಲೇತ್ ಶಾಪು. ಸೈರನ್ನಿಗೆ ಎದ್ದು ಶಿಫ್ಟಿಗೆ ಉಂಡ ಜನ ಕಟ್ಟಿದ ಮನೆಗಳಿವು. ಅವರ ಮಕ್ಕಳಾದ ನಾವು ಮಾತ್ರ ಒಂದು ಸ್ಕ್ರೂ ಬಿಗಿಸಬೇಕಾದರೂ ಆ್ಯಪಿನಲ್ಲಿ ಆಳು ಕರೆಯುವ ಮಟ್ಟಕ್ಕೆ ಏರಿದ್ದೇವೆ.

ಬಸವೇಶ್ವರನಗರದ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಪ್ಪನ ಟ್ರಂಕಿನ ತಳದಲ್ಲಿ ಅದು ಸಿಕ್ಕಿತು. ಗೇಣಿಗಿಂತ ಚಿಕ್ಕದು, ಕೈಗೆ ಭಾರ. ನಡುವೆ ಕೈ ಜಾರದಂತೆ ಗೀರು ಹಾಕಿದ ಹಿಡಿ, ಎರಡು ತುದಿಗೂ ನುಣ್ಣನೆಯ ಉರುಟು ಉಕ್ಕು. ಒಂದು ತುದಿ ಉದ್ದ, ಇನ್ನೊಂದು ಮೋಟು. ಮೋಟು ತುದಿಯ ಬುಡದಲ್ಲಿ ಕೆಂಪು ಬಣ್ಣದ ಗುರುತು. ಹಿಡಿಯ ಮೇಲಿದ್ದ ಬರಹವೆಲ್ಲ ಸವೆದುಹೋಗಿ ಇಂಗ್ಲಿಷಿನಲ್ಲಿ ‘25 ಎಚ್ 7’ ಅನ್ನುವಷ್ಟು ಮಾತ್ರ ಉಳಿದಿತ್ತು.

ನನ್ನ ಹೆಂಡತಿ ಅದನ್ನು ತೊಳೆದು, ಟೀಗೆ ಶುಂಠಿ ಜಜ್ಜಿ ನೋಡಿ, “ಚೆನ್ನಾಗಿದೆ ಕಣ್ರೀ, ಒಳ್ಳೇ ಹಿಡಿತ” ಎಂದಳು. ಅವಳ ಮಟ್ಟಿಗೆ ಸಂಶೋಧನೆ ಅಲ್ಲಿಗೆ ಮುಗಿಯಿತು. ನಾನು ಓದಿದವನು. ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೂ ಬೆಳಗಿನ ವಾಕಿಂಗ್ ಗುಂಪಿಗೂ ಹಾಕಿ, “ಇದೇನೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ” ಎಂದು ಬರೆದೆ.

ಬಲ್ಲವರು ಯಾರೂ ತಿಳಿಸಲಿಲ್ಲ, ಉಳಿದವರೆಲ್ಲ ತಿಳಿಸಿದರು. ಮೈಸೂರಿನ ಚಿಕ್ಕಮ್ಮ ಅದು ಆಯುರ್ವೇದದ ಕಲ್ವದ ಗುಂಡು, ನಮ್ಮ ಮುತ್ತಜ್ಜ ಪಂಡಿತರಾಗಿದ್ದರು ಎಂದರು. ನಮ್ಮ ವಂಶದಲ್ಲಿ ಪಂಡಿತರಿದ್ದ ಸುದ್ದಿ ನನಗೆ ಆವತ್ತೇ ತಿಳಿದದ್ದು. ಅಮೆರಿಕದ ಭಾವಮೈದ ಡಂಬೆಲ್ ಅಂದ. ಅಷ್ಟು ಪುಟ್ಟ ಡಂಬೆಲ್ ಎತ್ತುವವರು ಯಾರೋ ಎಂದು ಕೇಳಿದ್ದಕ್ಕೆ ನನ್ನದೇ ಹಳೆಯ ಫೋಟೊ ಒಂದನ್ನು ಹುಡುಕಿ ಹಾಕಿದ. ಮಿಲಿಟರಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರು, ಕೆಂಪು ಗುರುತಿದೆ ಅಂದಮೇಲೆ ಮದ್ದುಗುಂಡಿಗೆ ಸಂಬಂಧಪಟ್ಟದ್ದೇ, ಕೆಳಗೆ ಬೀಳಿಸಬೇಡಿ ಎಂದು ಎಚ್ಚರಿಸಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಟಪ್ ಟಪ್ ಎಂದು ಶುಂಠಿ ಜಜ್ಜುವ ಸದ್ದು.

ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಮೂರನೇ ಕ್ರಾಸಿನ ನಿವೃತ್ತ ಸರ್ವೇಯರು. “ಇದು ಗಡಿ ಗುರುತಿನ ಗೂಟ. ಬಿಡಿಎ ಅಲ್ಲ, ಅದಕ್ಕೂ ಮುಂಚಿನ ಸಿಐಟಿಬಿ ಕಾಲದ್ದು. 25ನೇ ಸೈಟು, ಎಚ್ ಬ್ಲಾಕು, 7ನೇ ಮೈನು. ಸ್ಪಷ್ಟವಾಗಿ ಬರೆದಿದೆಯಲ್ರೀ!” ಎಂದು ಬರೆದರು. ರಾಜಾಜಿನಗರದ ವಿಳಾಸಗಳನ್ನು ಬಲ್ಲವರು ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾರರು. ಒಂದರಿಂದ ಆರರವರೆಗೆ ಬ್ಲಾಕುಗಳನ್ನು ಎಣಿಸಿ ಬಂದವನಿಗೆ ನಡುವೆ ಎಂ ಬ್ಲಾಕು, ಎನ್ ಬ್ಲಾಕು ಎಂದು ಕೈತೋರಿಸುವ ಬಡಾವಣೆಯಲ್ಲಿ ಎಚ್ ಒಂದು ಕಳೆದುಹೋಗಿದ್ದರೆ ಆಶ್ಚರ್ಯವೇನು? ಅಪ್ಪ ಯಾರ ಸೈಟಿನ ಗೂಟ ಕಿತ್ತು ತಂದಿದ್ದರೋ ಎಂದು ನನಗೂ ಒಂದು ರಾತ್ರಿ ನಿದ್ದೆ ಬರಲಿಲ್ಲ. ಜೊತೆಗೆ, 25ನೇ ಸೈಟು ನಮ್ಮದೇ ಆಗಿರಬಹುದಲ್ಲ ಎಂಬ ಸಣ್ಣ ಆಸೆಯೂ ಇತ್ತು. ಸುಳ್ಳೇಕೆ ಹೇಳಲಿ.

ಇದನ್ನೆಲ್ಲ ನೋಡಿ ಬೇಸತ್ತ ಮಗ ರೆಡಿಟ್ಟಿನಲ್ಲಿ ಕೇಳುತ್ತೇನೆಂದ. ಕಂಡರಿಯದ ಸಾಮಾನುಗಳ ಫೋಟೊ ಹಾಕಿ ‘ಏನಿದು’ ಎಂದು ಕೇಳುವುದಕ್ಕೇ ಅಲ್ಲೊಂದು ಕಟ್ಟೆಯಿದೆಯಂತೆ, ಪ್ರಪಂಚದ ಜನವೆಲ್ಲ ಅಲ್ಲಿ ಉತ್ತರಿಸಲು ಕಾದಿರುತ್ತಾರಂತೆ. ಆದರೆ ಬಹಳ ಕಟ್ಟುನಿಟ್ಟು. ತಮಾಷೆಯ ಉತ್ತರ ಬರೆದರೆ ಅಳಿಸಿಹಾಕುತ್ತಾರೆ. ಅಳತೆ ತಿಳಿಯಲೆಂದು ನಾನು ಪಕ್ಕದಲ್ಲಿ ಐದು ರೂಪಾಯಿ ನಾಣ್ಯವಿಟ್ಟೆ. “ಅಪ್ಪಾ, ನಮ್ಮ ಐದು ರೂಪಾಯಿ ಎಷ್ಟು ಅಗಲ ಅಂತ ನಾರ್ವೆಯವನಿಗೆ ಹೇಗೆ ಗೊತ್ತಾಗ್ಬೇಕು?” ಎಂದು ಅವನು ಸ್ಕೇಲು ತಂದಿಟ್ಟ.

ಬೆಳಗಾಗುವುದರೊಳಗೆ ಉತ್ತರ ಬಂದಿತ್ತು. ಪ್ಲಗ್ ಗೇಜ್. ಯಂತ್ರದ ಭಾಗಗಳಲ್ಲಿ ಕೊರೆದ ತೂತಿನ ಅಳತೆ ಸರಿಯಿದೆಯೇ ಎಂದು ನೋಡುವ ಸಾಧನ. ಹಳೆಯದಕ್ಕೆ ಬೆಲೆ ಏನೂ ಇಲ್ಲ.

ಕೊನೆಯ ವಾಕ್ಯ ನನಗೆ ಹಿಡಿಸಲಿಲ್ಲ. ತಮಾಷೆ ಮಾಡಲು ಬಿಡದ ಜನರ ಮಾತನ್ನು ಎಷ್ಟರಮಟ್ಟಿಗೆ ನಂಬುವುದು? ಅಲ್ಲದೆ ಆ ಹೊತ್ತಿಗೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರವೊಂದು ಫೋನಿನಲ್ಲಿ ಬಂದಾಗಿತ್ತು.

ಫೋಟೊ ಯಾವ ಗುಂಪಿನಿಂದ ಯಾವ ಗುಂಪಿಗೆ ಹಾರಿತ್ತೋ, ಗುರುತಿಲ್ಲದ ನಂಬರಿನಿಂದ ಕರೆ. “ಸಾರ್, ನಿಮ್ಮತ್ರ ಒಂದು ಐಟಂ ಇದೆಯಂತೆ.” ದನಿ ಬಹಳ ಮೆತ್ತಗೆ. “ಯಾರಿಗೂ ಹೇಳಕ್ಕೆ ಹೋಗ್ಬೇಡಿ. ಅಕ್ಕಿ ಟೆಸ್ಟ್ ಮಾಡಿದ್ದೀರಾ? ಅಕ್ಕಿ ಎಳೆದ್ರೆ ಪಾರ್ಟಿ ರೆಡಿ ಇದ್ದಾರೆ. ನಾಸಾ ಕಡೆಯವರು.”

ಅಕ್ಕಿ ಎಳೆಯುವ ಚೊಂಬು, ಅಂದರೆ ರೈಸ್ ಪುಲ್ಲರ್ ಎಂಬ ಮೋಸ ನನಗೆ ಚೆನ್ನಾಗಿ ಗೊತ್ತಿತ್ತು. ಸಿಡಿಲು ಬಡಿದ ತಾಮ್ರದ ಪಾತ್ರೆಗೆ ಅಕ್ಕಿಕಾಳನ್ನು ಸೆಳೆಯುವ ಶಕ್ತಿ ಬರುತ್ತದೆ, ಅದನ್ನು ಬಾಹ್ಯಾಕಾಶ ಸಂಸ್ಥೆಯವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಎಂದು ನಂಬಿಸಿ, ಪರೀಕ್ಷೆಯ ಖರ್ಚಿಗೆಂದು ಹಣ ಕೀಳುವ ಕಲೆ ಅದು. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಪಾತ್ರೆಯೊಳಗೆ ಅಯಸ್ಕಾಂತ ಅಡಗಿಸಿದರೆ ಪ್ರದರ್ಶನ ಸಿದ್ಧ. 2018ರಲ್ಲಿ ದೆಹಲಿಯ ಪೊಲೀಸರು ಹಿಡಿದ ಅಪ್ಪ-ಮಗ ಒಬ್ಬ ವ್ಯಾಪಾರಿಯಿಂದ 1.43 ಕೋಟಿ ರೂಪಾಯಿ ಎಗರಿಸಿದ್ದರು. ಪರೀಕ್ಷೆಗೆಂದು ಗಗನಯಾತ್ರಿಗಳದ್ದರಂಥ ಉಡುಪು ಬೇರೆ ಇಟ್ಟುಕೊಂಡಿದ್ದರು. ಆ ಸುದ್ದಿ ಓದಿದ ದಿನ ಪಾರ್ಕಿನ ಬೆಂಚಿನ ಮೇಲೆ ಕುಳಿತು ಜನರ ಮೌಢ್ಯದ ಬಗ್ಗೆ ದೀರ್ಘವಾಗಿ ಮಾತನಾಡಿದ್ದವನು ನಾನೇ.

ಆದರೆ ಅವರದು ತಾಮ್ರ. ನನ್ನದು ಉಕ್ಕು. ಎರಡೂ ಒಂದೇ ಎನ್ನುವುದು ವೈಜ್ಞಾನಿಕ ಮನೋಭಾವವಲ್ಲ. ಪರೀಕ್ಷೆ ಮಾಡದೆ ತಿರಸ್ಕರಿಸುವುದೂ ಮೌಢ್ಯವೇ ಅಲ್ಲವೆ?

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದೆ. ಗೀರುಗಳಲ್ಲಿ ಸಿಕ್ಕಿಕೊಂಡಿದ್ದ ಶುಂಠಿ ನಾರನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಅಯಸ್ಕಾಂತದ ಗುಣ ಇದೆಯೇ ಎಂದು ಮೊದಲು ಒಂದು ಪಿನ್ನು ಹಿಡಿದು ನೋಡಿದರೆ, ಪಟ್ಟನೆ ಅಂಟಿಕೊಂಡಿತು! ಎದೆ ಹೊಡೆದುಕೊಳ್ಳತೊಡಗಿತು. ದೇವರ ಮನೆಯ ಹಿತ್ತಾಳೆ ತಟ್ಟೆಯಲ್ಲಿ ಸೋನಾ ಮಸೂರಿ ಹರಡಿ, ಉದ್ದ ತುದಿಯನ್ನು ಹತ್ತಿರ ಹಿಡಿದೆ. ಏನೂ ಇಲ್ಲ. ಮೋಟು ತುದಿ ಹಿಡಿದೆ. ಇಲ್ಲ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸತ್ವ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಕುಸುಬಲಕ್ಕಿಗೆ ಬದಲಾಯಿಸಿದೆ. ಅದು ಜಗ್ಗದಿದ್ದಾಗ ದೋಸೆ ಅಕ್ಕಿ. ಅಷ್ಟಾಗಿದ್ದರೆ ಮರ್ಯಾದೆ ಉಳಿಯುತ್ತಿತ್ತೇನೋ. ಹಗುರ ಇದೆಯಲ್ಲ ಎಂದು ರಾಗಿಯ ಡಬ್ಬಕ್ಕೂ ಕೈಹಾಕಿದೆ. ಆಮೇಲೆ ನಾನೇ ಸ್ವಲ್ಪ ಊದಿದೆ ಅನ್ನಿಸುತ್ತದೆ.

ದೀಪ ಹತ್ತಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ ನಾನು, ಬಾಯಲ್ಲಿ ಕಚ್ಚಿಕೊಂಡ ಟಾರ್ಚು, ಕೈಯಲ್ಲಿ ಶುಂಠಿ ಜಜ್ಜುವ ಕಬ್ಬಿಣ, ಸುತ್ತ ನಾಲ್ಕು ಬಗೆಯ ಧಾನ್ಯ.

“ಯಾರಿಗ್ರೀ ಆರತಿ?” ಎಂದಳು.

ವಿವರಿಸಿದೆ. ಇಂಥದ್ದನ್ನು ವಿವರಿಸಬಾರದು. ಅವಳು ಪೂರ್ತಿ ಕೇಳಿ, “ಆ ರಾಗೀನ ಬೆಳಿಗ್ಗೆ ನೀವೇ ಬೇರೆ ಮಾಡಿ” ಎಂದಷ್ಟೇ ಹೇಳಿ ದೀಪ ಆರಿಸಿದಳು.

ಬೇರೆ ಮಾಡುತ್ತ ಕುಳಿತಾಗ ಇನ್ನೊಂದು ಅಭಿಪ್ರಾಯ ತೆಗೆದುಕೊಳ್ಳೋಣ ಅನ್ನಿಸಿತು. ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿಗೆ ಹೋದೆ. ಅಲ್ಲಿನ ಯಜಮಾನರು ಕನ್ನಡಕ ಹಣೆಗೇರಿಸಿ, ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಆಮೇಲೆ ಮೂಗಿನ ಹತ್ತಿರ ತಂದರು. ಮುಖ ಗಂಟಾಯಿತು.

“ಗೇಜಲ್ಲಿ ಶುಂಠಿ ಜಜ್ಜಿದ್ದು ಯಾರ್ ಸ್ವಾಮಿ?”

ನಾನು ಹೆಂಡತಿಯ ಹೆಸರು ಹೇಳಲಿಲ್ಲ. ಅಷ್ಟು ನಿಷ್ಠೆ ಇದೆ.

“ಇಪ್ಪತ್ತೈದು ಎಚ್ ಸೆವೆನ್. ಗೊತ್ತಾ ಅಂಗಂದ್ರೆ?” ಎಂದು ಅವರು ಪಾಠ ಶುರುಮಾಡಿದರು. ತೂತು 25 ಮಿಲಿಮೀಟರಿಗಿಂತ ಒಂದಿಷ್ಟೂ ಕಡಿಮೆ ಇರಕೂಡದು. ಹೆಚ್ಚಾದರೆ 21 ಮೈಕ್ರಾನ್‌ವರೆಗೆ ಮಾಫಿ. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅದನ್ನು ಮೂರಕ್ಕಿಂತ ಹೆಚ್ಚು ಸೀಳಿದರೆ ಸಿಗುವಷ್ಟು ಜಾಗ. ಉದ್ದ ತುದಿ ತೂತಿನೊಳಗೆ ಹೋಗಲೇಬೇಕು, ಕೆಂಪು ಗುರುತಿನ ತುದಿ ಹೋಗಲೇಬಾರದು. ಎರಡೂ ಹೋದರೆ ತೂತು ದೊಡ್ಡದು, ಎರಡೂ ಹೋಗದಿದ್ದರೆ ಚಿಕ್ಕದು. ಲೆಕ್ಕ ಇಲ್ಲ, ಓದು ಇಲ್ಲ, ಕೈಗೇ ತಿಳಿಯುತ್ತದೆ. ಇಂಥ ಗೇಜನ್ನೇ ಅಳೆದು ನೋಡುವುದಕ್ಕೆ 20 ಡಿಗ್ರಿಯ ತಣ್ಣನೆಯ ಕೋಣೆ ಬೇಕು, ತುಮಕೂರು ರಸ್ತೆಯ ಸಿಎಂಟಿಐ ಸಂಶೋಧನಾ ಸಂಸ್ಥೆಯಲ್ಲಿ ಅದಿದೆ. ಶಾಖ ಹತ್ತು ಡಿಗ್ರಿ ಏರಿದರೆ ಈ ಗಾತ್ರದ ಉಕ್ಕು ಸುಮಾರು 3 ಮೈಕ್ರಾನ್ ಉಬ್ಬುತ್ತದೆ.

“ನೀವು ಇದನ್ನ ಬಿಸಿನೀರಲ್ಲಿ ಬೇರೆ ತೊಳ್ದಿದೀರ” ಎಂದು ನಿಟ್ಟುಸಿರಿಟ್ಟರು.

“ನಮ್ಮಪ್ಪಂದು” ಎಂದೆ.

“ಇನ್‌ಸ್ಪೆಕ್ಷನ್‌ನಲ್ಲಿದ್ರಾ?”

ಇದ್ದರು. ಅಪ್ಪ ಇನ್‌ಸ್ಪೆಕ್ಟರ್ ಎಂದು ಶಾಲೆಯಲ್ಲಿ ಹೇಳಿಕೊಂಡು, ಅವರು ಪೊಲೀಸಿನವರೆಂದು ಗೆಳೆಯರು ತಪ್ಪು ತಿಳಿದಾಗ ತಿದ್ದದೆ, ಏಳನೇ ಕ್ಲಾಸಿನವರೆಗೂ ಪುಕ್ಕಟೆ ಸೀಬೆಹಣ್ಣು ತಿಂದವನು ನಾನು. ಮನೆಯಲ್ಲೂ ಅವರು ಹಾಗೇ. ಚಪಾತಿ, ಚಪ್ಪಲಿ, ನನ್ನ ಅಂಕಪಟ್ಟಿ, ಯಾವುದನ್ನೇ ಮುಂದಿಟ್ಟರೂ ತಿರುಗಿಸಿ ನೋಡಿ ಪಾಸು ಅಥವಾ ರಿಜೆಕ್ಟು. ನಡುವಿನದು ಅವರ ಬಾಯಲ್ಲಿ ಬಂದದ್ದಿಲ್ಲ.

ಯಜಮಾನರು ಮೈಕ್ರೊಮೀಟರ್ ಹಿಡಿದು ಉದ್ದ ತುದಿ ಅಳೆದರು. 24.98. “ಸವೆದೋಗಿದೆ. ಹೋಗಬಾರದ ತೂತಿಗೂ ಇದು ಹೋಗ್ತದೆ. ಅದಕ್ಕೇ ಕಂಪನೀಲಿ ರಿಜೆಕ್ಟ್ ಮಾಡಿ ಎಸೆದಿರ್ತಾರೆ, ನಿಮ್ಮ ತಂದೆ ಎತ್ತಿಟ್ಕೊಂಡಿದಾರೆ.”

“ಇದು ಅಕ್ಕಿ…” ಎಂದು ಶುರುಮಾಡಿದವನು ಅವರ ಕಣ್ಣು ನೋಡಿ ನಿಲ್ಲಿಸಿದೆ. ಪಿನ್ನು ಅಂಟಿದ್ದನ್ನು ಮಾತ್ರ ಹೇಳಿದೆ. “ಮ್ಯಾಗ್ನೆಟಿಕ್ ಚಕ್ ಪಕ್ಕ ಇಟ್ಟಿದ್ರೆ ಆ ಸ್ಪ್ಯಾನರ್‌ಗೂ ಅಂಟತ್ತೆ” ಎಂದು ಅವರು ತಮ್ಮ ಮೇಜಿನ ಸ್ಪ್ಯಾನರಿನಿಂದ ಒಂದು ಪಿನ್ನು ಎತ್ತಿ ತೋರಿಸಿದರು.

ಗುಂಪುಗಳಿಗೆ ಸರಿಯುತ್ತರ ಹಾಕಿದೆ. ಚಿಕ್ಕಮ್ಮ ಕೈಮುಗಿದ ಚಿತ್ರ ಕಳಿಸಿ, ಮುತ್ತಜ್ಜನ ಬಗ್ಗೆ ಹಾಗೆಲ್ಲ ಹಗುರವಾಗಿ ಮಾತಾಡಬಾರದೆಂದರು. ಸರ್ವೇಯರು ಬಿಡಲಿಲ್ಲ, ಗೇಜೇ ಇರಬಹುದು, ಆದರೆ ಸೈಟು ಅಳೆಯುವ ಗೇಜು ಎಂದರು. ಮಿಲಿಟರಿಯವರು ಮಾತ್ರ ಇದು ಸಿಡಿಯಲಿಲ್ಲವಲ್ಲ ಎಂದು ಸಂತೋಷಪಟ್ಟರು. ತುಸು ನಿರಾಸೆಯಿಂದಲೇ ಇರಬೇಕು.

ಸಂಜೆ ಮತ್ತೆ ಆ ನಂಬರಿನಿಂದ ಕರೆ. ಈ ಸಲ ಬಿಡುವುದಿಲ್ಲ ಎಂದುಕೊಂಡು ಖಡಕ್ಕಾಗಿ ಹೇಳಿದೆ: “ನೋಡಪ್ಪಾ, ಅದು ಪ್ಲಗ್ ಗೇಜ್. ಇಪ್ಪತ್ತೈದು ಎಚ್ ಸೆವೆನ್. ಸವೆದಿರೋದು. ಗೊತ್ತಾಯ್ತಾ?”

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ದನಿ ಇನ್ನಷ್ಟು ತಗ್ಗಿತು. “ಸಾರ್, ಜೋರಾಗಿ ಹೇಳ್ಬೇಡಿ. ನಾಸಾದೋರೂ ಅದನ್ನ ಗೇಜ್ ಅಂತಾನೇ ಕರೆಯೋದು. ಅದ್ರಲ್ಲೂ ಸವೆದಿದ್ರೆ ರೇಟೇ ಬೇರೆ.”

ಅಡುಗೆಮನೆಯ ಟಪ್ ಟಪ್ ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆಂದು ಗೊತ್ತಿದ್ದೂ ನನ್ನ ಬಾಯಿ ತಾನೇ ಕೇಳಿತು:

“ಎಷ್ಟಾಗಬಹುದು?”