ಇನ್ನೂರಿಪ್ಪತ್ತೈದು ರಾಯರು

ಡಲ್ಲಾಸಿನ ಸುತ್ತಮುತ್ತ ಕನ್ನಡಿಗರು ಮನೆ ಕೊಂಡಿರುವ ಬಡಾವಣೆಗಳಲ್ಲಿ, ಅದು ಪ್ಲೇನೋ ಇರಲಿ, ಫ್ರಿಸ್ಕೋ ಇರಲಿ, ಇನ್ನೂರಿಪ್ಪತ್ತೈದು ರಾಯರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ರಾಯರು ಅನ್ನುವುದು ಜಾತಿಯೂ ಅಲ್ಲ, ಮನೆತನವೂ ಅಲ್ಲ. ಬೆನ್ನ ಹಿಂದೆ ನಾವೆಲ್ಲ ಸೇರಿ ಕೊಟ್ಟ ಬಿರುದು. ಇನ್ನೂರಿಪ್ಪತ್ತೈದನ್ನು ಮಾತ್ರ ಅವರು ಸ್ವಂತ ದುಡಿಮೆಯಿಂದ ಸಂಪಾದಿಸಿದ್ದಾರೆ. ಫ್ಯಾರನ್‌ಹೀಟಿನಲ್ಲಿ 225, ಸೆಲ್ಸಿಯಸ್ಸಿನಲ್ಲಿ ಸುಮಾರು 107 ಡಿಗ್ರಿ. ಹಿತ್ತಲಲ್ಲಿರುವ ವೈಫೈ ಪೆಲೆಟ್ ಗ್ರಿಲ್ಲು ಈ ಅಂಕಿಯ ಮೇಲೆ ಅಲ್ಲಾಡದೆ ನಿಲ್ಲಬೇಕು ಎಂಬುದೊಂದೇ ಅವರು ಬದುಕಿನಿಂದ ಬಯಸುವುದು. ಮಗ ಯಾವ ಕಾಲೇಜು ಸೇರುತ್ತಾನೆ, ಗ್ರೀನ್ ಕಾರ್ಡು ಯಾವ ವರ್ಷ ಬರುತ್ತದೆ ಎಂಬುದನ್ನೆಲ್ಲ ದೇವರಿಗೆ ಬಿಟ್ಟಿದ್ದಾರೆ. ಗ್ರಿಲ್ಲು 231 ತೋರಿಸಿದರೆ ಮಾತ್ರ ದೇವರಿಗೂ ಬಿಡುವುದಿಲ್ಲ.

ಇವರ ಗುರುತು ಹಿಡಿಯುವುದು ಸುಲಭ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕಥೆ ಮೂರನೇ ಅಧ್ಯಾಯಕ್ಕೆ ಬಂದಿರುತ್ತದೆ. ಎಲ್ಲರೂ ಕೈಯಲ್ಲಿ ಅಕ್ಷತೆ ಹಿಡಿದಿರುತ್ತಾರೆ. ಇವರೊಬ್ಬರು ಶಲ್ಯದ ಮರೆಯಲ್ಲಿ ಮೊಬೈಲು ನೋಡಿ, "ಅಯ್ಯಯ್ಯೋ, ಬಿದ್ದೋಯ್ತು!" ಎನ್ನುತ್ತಾರೆ. ಮಗುವೇನಾದರೂ ಬಿತ್ತೇ ಎಂದು ಪಕ್ಕದವರು ಗಾಬರಿಯಿಂದ ಎದ್ದು ನಿಂತರೆ, "198ಕ್ಕೆ" ಎಂದು ಪಿಸುಗುಟ್ಟುತ್ತಾರೆ. ಪ್ರಸಾದ ಕೈಗೆ ಬರುವ ಮೊದಲೇ ಅವರ ಕಾರು ಹೊರಟಿರುತ್ತದೆ.

ಈ ಯಂತ್ರಕ್ಕೊಂದು ಚರಿತ್ರೆಯಿದೆ. ನೀವು ಕೇಳದಿದ್ದರೂ ರಾಯರು ಹೇಳುತ್ತಾರೆ. ಆರೆಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನ ಜೋ ಟ್ರೇಗರ್ ಮನೆ ಬೆಚ್ಚಗಿಡುವ ಒಲೆಗಳ ವ್ಯಾಪಾರದ ಮನೆತನದವನು. 1980ರ ದಶಕದ ನಡುವೆ ಆತ ಮರದ ಗುಳಿಗೆ ಉರಿಸುವ ಗ್ರಿಲ್ ಕಟ್ಟಿ ಪೇಟೆಂಟ್ ತೆಗೆದುಕೊಂಡ. ಆ ಪೇಟೆಂಟ್ 2006ರಲ್ಲಿ ಮುಗಿದದ್ದೇ ತಡ, ಹತ್ತಾರು ಕಂಪನಿಗಳು ಕಣಕ್ಕಿಳಿದವು. ಆಮೇಲೆ ಯಾರಿಗೋ ಅದಕ್ಕೆ ವೈಫೈ ಜೋಡಿಸುವ ಬುದ್ಧಿ ಬಂತು. "ಅಲ್ಲೇ ನೋಡಿ, ಕ್ರಾಂತಿ ಆಗಿದ್ದು" ಎನ್ನುತ್ತಾರೆ ರಾಯರು. ಅವರ ಮನೆಯವರು ಅದೇ ಘಟನೆಯನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ.

ಯಂತ್ರದ ಒಳಗಿನ ಸಂಸಾರ ಸರಳ. ಪಕ್ಕದಲ್ಲಿ ಹಾಪರ್ ಎಂಬ ಡಬ್ಬ. ಅದರ ತುಂಬ ಓಕ್, ಹಿಕರಿ ಅಥವಾ ಸೇಬಿನ ಮರದ ಹೊಟ್ಟನ್ನು ಒತ್ತಿ ಮಾಡಿದ, ಕಾಲಂಗುಲ ದಪ್ಪದ ಗುಳಿಗೆಗಳು. ತಳದಲ್ಲಿ ಆಗರ್ ಎಂಬ ತಿರುಪು. ಅದು ತಿರುಗಿದಷ್ಟೂ ಗುಳಿಗೆಗಳು ಜಾರಿ ಫೈರ್‌ಪಾಟ್ ಎಂಬ ಪುಟ್ಟ ಕಬ್ಬಿಣದ ಬಟ್ಟಲಿಗೆ ಬೀಳುತ್ತವೆ. ಅಲ್ಲಿ ಹಾಟ್ ರಾಡ್ ಕೆಂಪಗೆ ಕಾದು ಮೊದಲ ಕಿಡಿ ಹೊತ್ತಿಸುತ್ತದೆ, ಫ್ಯಾನು ಗಾಳಿ ಊದುತ್ತದೆ. ಒಳಗೋಡೆಗೆ ಸಿಕ್ಕಿಸಿದ ಬೆರಳುದ್ದದ ಪ್ರೋಬು ಕಾವು ಅಳೆದು ಕಂಟ್ರೋಲರಿಗೆ ವರದಿ ಒಪ್ಪಿಸುತ್ತದೆ. ಕಾವು ಇಳಿದರೆ ಆಗರ್ ಹೆಚ್ಚು ತಿರುಗುತ್ತದೆ, ಏರಿದರೆ ಸುಮ್ಮನಿರುತ್ತದೆ. ಗುಂಡಿ ತಿರುಗಿಸಿದ ಕ್ಷಣಕ್ಕೆ ಇಲ್ಲಿ ಉರಿ ಏರುವುದಿಲ್ಲ. ಗುಳಿಗೆ ಬಿದ್ದು, ಹೊತ್ತಿ, ಉರಿದು, ಅಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಕಾಯುವುದಕ್ಕೆ ಹೊತ್ತು ಬೇಕು. ಆದ್ದರಿಂದ 225ಕ್ಕೆ ಇಟ್ಟರೆ ಹದಿನೈದು ಇಪ್ಪತ್ತು ಡಿಗ್ರಿ ಆಚೀಚೆ ತೂಗುವುದು ಸಹಜ, ಸರಾಸರಿ ಸರಿಯಿದ್ದರೆ ಅಡುಗೆಗೆ ಅಷ್ಟೇ ಸಾಕು. ಗ್ರಿಲ್ಲಿನ ಜೊತೆ ಬರುವ ಕೈಪಿಡಿಗಳು ಇದನ್ನು ಹೇಳುತ್ತವೆ. ರಾಯರು ಕೈಪಿಡಿ ಓದಿದವರಲ್ಲ, ನೇರವಾಗಿ ಆ್ಯಪ್ ಇಳಿಸಿಕೊಂಡವರು.

ರಾಯರ ಕೆಲಸ ದೊಡ್ಡ ಕಂಪನಿಯೊಂದರ ಸರ್ವರುಗಳನ್ನು ಕಾಯುವುದು. ಐದು ದಿನ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಾರೆ. ಶನಿವಾರ ಮನಸ್ಸಿಗೆ ವಿಶ್ರಾಂತಿ ಬೇಕೆಂದು ಗ್ರಿಲ್ ಹಚ್ಚಿ, ಅದರ ಗೆರೆಯನ್ನು ನೋಡುತ್ತಾರೆ. 225ಕ್ಕೆ ಇಟ್ಟಿದ್ದು 243 ಆಯಿತೆನ್ನಿ, ಕೂಡಲೇ 210ಕ್ಕೆ ಇಳಿಸುತ್ತಾರೆ. ಹೊಟ್ಟೆಗಿಲ್ಲದ ಬೆಂಕಿ ಸೊರಗಿ 202ಕ್ಕೆ ಬರುತ್ತದೆ. ಆಗ 240ಕ್ಕೆ ಏರಿಸುತ್ತಾರೆ. ಆಗರ್ ಗಾಬರಿಬಿದ್ದು ಗುಳಿಗೆ ಸುರಿಯುತ್ತದೆ, 261 ಆಗುತ್ತದೆ. ಏನಾಗಿದೆ ನೋಡೋಣವೆಂದು ಮುಚ್ಚಳ ತೆರೆಯುತ್ತಾರೆ. ಒಳಗಿನ ಬಿಸಿಗಾಳಿಯೆಲ್ಲ ಟೆಕ್ಸಸ್ಸಿನ ಆಕಾಶಕ್ಕೆ ಹೋಗಿ ಪ್ರೋಬು 180 ಎನ್ನುತ್ತದೆ. "ನೋಡಿದ್ರಾ, ಹೇಗೆ ಕುಣಿತಾ ಇದೆ?" ಎಂದು ನಮ್ಮನ್ನು ಕೇಳುತ್ತಾರೆ. ಕುಣಿಸುತ್ತಿರುವವರು ಯಾರೆಂದು ಹೇಳುವ ಧೈರ್ಯ ಹಸಿದ ಅತಿಥಿಗೆ ಇರುವುದಿಲ್ಲ.

ಹಾಗೆಂದು ರಾಯರಿಗೆ ಶಾಸ್ತ್ರ ತಿಳಿಯದು ಎನ್ನುವಂತಿಲ್ಲ. ಹಳೆಯ ಗ್ರಿಲ್ಲುಗಳ ಆಗರ್ ಇಂತಿಷ್ಟು ಸೆಕೆಂಡು ತಿರುಗಿ ಇಂತಿಷ್ಟು ಸೆಕೆಂಡು ನಿಲ್ಲುತ್ತಿತ್ತು. ಹೊಸತರಲ್ಲಿ ಪಿಐಡಿ ಕಂಟ್ರೋಲರ್ ಬಂದಿದೆ. ಈಗಿನ ತಪ್ಪೆಷ್ಟು, ಇಲ್ಲಿಯವರೆಗೆ ಕೂಡಿಬಿದ್ದ ತಪ್ಪೆಷ್ಟು, ತಪ್ಪು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಮೂರನ್ನೂ ಲೆಕ್ಕ ಹಾಕಿ ಅದು ಗುಳಿಗೆ ಬಿಡುತ್ತದೆ. "1922ರಲ್ಲಿ ನಿಕೊಲಸ್ ಮಿನೋರ್ಸ್ಕಿ ಅನ್ನೋರು ಹಡಗಿನ ಚುಕ್ಕಾಣಿಗೋಸ್ಕರ ಬರೆದ ಗಣಿತ ಕಣ್ರೀ ಇದು" ಎಂದು ರಾಯರು ಕಾಗದದ ತಟ್ಟೆಯ ಹಿಂಬದಿಯಲ್ಲಿ ಸಮೀಕರಣ ಬರೆದು ತೋರಿಸುತ್ತಾರೆ. ಆ ತಟ್ಟೆಗೆ ಅಂದು ಬೇರೆ ಉಪಯೋಗ ಬಂದಿರುವುದಿಲ್ಲ. ಕೊಡಗಿನಿಂದ ಬಂದ ಗೆಳೆಯರೊಬ್ಬರು ಮೂರು ಗಂಟೆಯ ಹೊತ್ತಿಗೆ, "ಅದೆಲ್ಲ ಸರಿ ರಾಯ್ರೇ, ಹಡಗು ದಡ ಸೇರೋದು ಯಾವಾಗ?" ಎಂದು ಕೇಳಿದರು.

ಅವರ ಪ್ರಶ್ನೆಗೆ ಕಾರಣವಿತ್ತು. ಒಳಗಿದ್ದದ್ದು ಹಂದಿ ಭುಜದ ದೊಡ್ಡ ತುಂಡು. ಇಂಥ ತುಂಡಿನ ಒಳಗಾವು 150, 160 ಡಿಗ್ರಿಯವರೆಗೆ ಚೆನ್ನಾಗಿಯೇ ಏರಿ, ಆಮೇಲೆ ಗಂಟೆಗಟ್ಟಲೆ ಅಲ್ಲೇ ಕೂರುತ್ತದೆ. ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು, ಒಳಗೆ ಹೋಗುವ ಕಾವನ್ನೆಲ್ಲ ಕದ್ದೊಯ್ಯುತ್ತದೆ. ಬಾರ್ಬೆಕ್ಯೂ ಮಾಡುವವರು ಇದನ್ನು ಸ್ಟಾಲ್ ಎನ್ನುತ್ತಾರೆ. ಅವಸರವಿದ್ದವರು ತುಂಡನ್ನು ಫಾಯಿಲಿನಲ್ಲಿ ಸುತ್ತಿ ಅದನ್ನು ದಾಟುತ್ತಾರೆ, ಇಲ್ಲದವರು ಕಾಯುತ್ತಾರೆ. ಗ್ರಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ರಾಯರು ಮಾತ್ರ ಇದನ್ನು ಗ್ರಿಲ್ಲಿನ ಖಾತೆಗೇ ಬರೆದು, ಕೈಯಲ್ಲಿ ಟಾರ್ಚು ಹಿಡಿದು ಅದರ ಕೆಳಗೆ ಮಲಗಿದ್ದರು. "ಇಷ್ಟೊತ್ತಿಗೆ ನಮ್ಮ ಮನೇಲಿ ಪಂದಿಕರಿ ಉಂಡು ಒಂದು ನಿದ್ದೆ ಮುಗಿದಿರ್ತಿತ್ತು" ಎಂದ ಕೊಡಗಿನ ಗೆಳೆಯರ ಮಾತು ಗ್ರಿಲ್ಲಿನ ಕೆಳಗೆ ತಲುಪಲಿಲ್ಲ.

ವೈಫೈಯ ಅಧ್ಯಾಯ ಬೇರೆಯದೇ. ಇಂಥ ಗ್ರಿಲ್ಲುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಅರ್ಥವಾಗುತ್ತದೆ. 5 ಗಿಗಾಹರ್ಟ್ಸಿನ ವೇಗದ ಸಂಪರ್ಕವನ್ನು ಅವು ಕಾಣಲಾರವು. ರಾಯರ ಮೊಬೈಲು 5ರಲ್ಲಿರುತ್ತದೆ, ಗ್ರಿಲ್ಲು 2.4ನ್ನು ಹುಡುಕುತ್ತಿರುತ್ತದೆ. ನಡುವೆ ಇಟ್ಟಿಗೆ ಗೋಡೆ, ಸಾಲದ್ದಕ್ಕೆ ಗ್ರಿಲ್ಲಿನ ಮೈಯೇ ಕಬ್ಬಿಣ. ಹೀಗಾಗಿ ರೂಟರು ಕಚೇರಿ ಕೋಣೆಯಿಂದ ಅಡುಗೆಮನೆಯ ಕಿಟಕಿಗೆ ವರ್ಗವಾಯಿತು. ಅಲ್ಲಿಂದ ದೇವರಮನೆಗೆ ಬಡ್ತಿ ಪಡೆಯಿತು. ಮನೆಯವರ ಕಚೇರಿಯ ಮೀಟಿಂಗು ಅರ್ಧದಲ್ಲಿ ನಿಂತಾಗ, "ರೀ, ನನ್ನ ಮ್ಯಾನೇಜರ್ ಮುಖ ಹಾಗೇ ಕಲ್ಲಾಗಿದೆ, ಏನ್ ಮಾಡಿದ್ರಿ?" ಎಂದರು. "ಎರಡೇ ನಿಮಿಷ ಕಣೇ, ಗ್ರಿಲ್ಲಿನ ಫರ್ಮ್‌ವೇರ್ ಅಪ್‌ಡೇಟ್ ಆಗ್ತಿದೆ" ಎಂಬ ಉತ್ತರ ಹಿತ್ತಲಿನಿಂದ ಬಂತು. ಬೆಂಕಿಗೆ ಇಂಟರ್‌ನೆಟ್ಟಿನ ಹಂಗಿಲ್ಲ; ವೈಫೈ ಹೋದರೂ ಕಂಟ್ರೋಲರು ತನ್ನ ಪಾಡಿಗೆ ತಾನು ಗುಳಿಗೆ ಹಾಕುತ್ತಿರುತ್ತದೆ. ಇದು ಗೊತ್ತಿದ್ದೂ ರಾಯರು, ಹತ್ತಡಿ ದೂರದಲ್ಲಿ ಗಾಜಿನ ಬಾಗಿಲಾಚೆ ಕಾಣುವ ಗ್ರಿಲ್ಲಿನ ಪರದೆಯನ್ನು ಎದ್ದು ನೋಡುವುದಿಲ್ಲ. ಆ್ಯಪಿನಲ್ಲಿ ಬರಲಿ ಎಂದು ಸೋಫಾದಲ್ಲಿ ಕಾಯುತ್ತಾರೆ.

ಅಂಕಿ ಬಂದರೆ ಅದನ್ನು ನಂಬಬೇಕಲ್ಲ? ಗ್ರಿಲ್ಲಿನ ಪರದೆ 225 ಎಂದರೆ ಮುಚ್ಚಳದ ಗಡಿಯಾರದಂಥ ಥರ್ಮಾಮೀಟರು 250 ಎನ್ನುತ್ತದೆ. ಇಬ್ಬರ ಜಗಳ ಬಿಡಿಸಲು ರಾಯರು ತಂದ ಮೂರನೆಯದು 238 ಎನ್ನುತ್ತದೆ. ಒಂದು ಅಂಚಿನ ಗೋಡೆಯಲ್ಲಿದೆ, ಒಂದು ಬಿಸಿಗಾಳಿ ಸೇರುವ ಮುಚ್ಚಳದಲ್ಲಿದೆ, ಇನ್ನೊಂದು ಜಾಲರಿಯ ನಡುವೆ ಇದೆ. ಮೂವರೂ ತಾವಿರುವ ಜಾಗದ ಸತ್ಯವನ್ನೇ ಹೇಳುತ್ತಿದ್ದಾರೆ. ರಾಯರಿಗೆ ಒಬ್ಬನೇ ಸಾಕ್ಷಿ ಬೇಕು. ಹಾಗಾಗಿ ಪರೀಕ್ಷೆ ಶುರು. ಐಸು ತುಂಬಿದ ನೀರಿನಲ್ಲಿ 32 ತೋರಿಸಬೇಕು, ಕುದಿಯುವ ನೀರಿನಲ್ಲಿ 212. ಈ ಪರೀಕ್ಷೆ ಒಳ್ಳೆಯದೇ, ಎಲ್ಲರೂ ಮಾಡಬೇಕಾದ್ದೇ. ಆದರೆ ರಜೆಗೆ ಬೆಂಗಳೂರಿಗೆ ಬಂದಾಗಲೂ ಥರ್ಮಾಮೀಟರನ್ನು ಸೂಟ್‌ಕೇಸಿನಲ್ಲಿ ತಂದು, ಅತ್ತೆಯ ಮನೆಯ ಕಾಫಿ ನೀರಿಗೆ ಅದ್ದಿ, 206ಕ್ಕೇ ನಿಂತಿತಲ್ಲ ಎಂದು ಕಂಗಾಲಾದವರು ಇವರೊಬ್ಬರೇ ಇರಬೇಕು. ಒಂಬತ್ತನೇ ಕ್ಲಾಸಿನ ಸೊಸೆ, "ಮಾವ, ಬೆಂಗ್ಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಬೇಗ ಕುದಿಯುತ್ತೆ" ಎಂದಾಗ ಥರ್ಮಾಮೀಟರಿನ ಪ್ರಾಣ ಉಳಿಯಿತು. ಕಾಫಿಯದು ಉಳಿಯಲಿಲ್ಲ.

ಕಡೆಯ ಮೆಟ್ಟಿಲು ಕಂಪನಿಯ ಸಹಾಯವಾಣಿ. ಹೊಸದಾಗಿ ಹೆರಿಗೆಯಾದ ಮನೆಯವರು ಡಾಕ್ಟರಿಗೆ ಮಗುವಿನ ಜ್ವರ ಒಪ್ಪಿಸುವ ಹಾಗೆ ರಾಯರು ನಿಮಿಷ ನಿಮಿಷದ ಅಂಕಿ ಓದುತ್ತಾರೆ. ಎಕ್ಸೆಲ್ ಹಾಳೆಯಿದೆ, ಗ್ರಾಫಿದೆ, ಕಚೇರಿಯಲ್ಲಿ ಸರ್ವರು ಬಿದ್ದಾಗ ಬರೆಯುವ ಮಾದರಿಯಲ್ಲೇ ರೂಟ್ ಕಾಸ್ ಅನಾಲಿಸಿಸ್ ವರದಿಯೂ ಇದೆ. ಅದರಲ್ಲಿ ಕಂಟ್ರೋಲರಿನ ಮೇಲೆ ಅನುಮಾನ, ಫರ್ಮ್‌ವೇರಿನ ಮೇಲೆ ಅನುಮಾನ, ಬಡಾವಣೆಯ ವೋಲ್ಟೇಜಿನ ಮೇಲೂ ಅನುಮಾನ ದಾಖಲಾಗಿದೆ. ಆ ಕಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾಳೆ: "ಬೂದಿ ತೆಗೆದು ಎಷ್ಟು ದಿನವಾಯಿತು, ಸರ್?"

ರಾಯರು ಇದಕ್ಕೆ ಉತ್ತರ ಕೊಡುವುದಿಲ್ಲ. ಹಾರ್ಡ್‌ವೇರ್ ತಿಳಿದವರ ಕೈಗೆ ಕೊಡಿ ಎನ್ನುತ್ತಾರೆ. ಹಾರ್ಡ್‌ವೇರ್ ತಿಳಿದವನೂ ಬಂದು ಬೂದಿಯನ್ನೇ ಕೇಳುತ್ತಾನೆ.

ಅವರ ಗ್ರಿಲ್ಲನ್ನು ಕೊನೆಗೂ ಬಿಚ್ಚಿದ್ದು ಮಗ, ಅದೂ ಮನೆಕೆಲಸಕ್ಕೆಂದು ಕೊಡುವ ಹತ್ತು ಡಾಲರಿನ ಆಸೆಗೆ. ಫೈರ್‌ಪಾಟಿನಲ್ಲಿ ಅಂಚಿನವರೆಗೂ ಬೂದಿ. ಗಾಳಿ ಬರುವ ತೂತುಗಳೆಲ್ಲ ಮುಚ್ಚಿದ್ದವು. ಪ್ರೋಬಿನ ಮೈಮೇಲೆ ಮಸಿ, ಜಿಡ್ಡು ಕಟ್ಟಿ ಅದಕ್ಕೆ ಕಾವು ತಗಲುವುದೇ ತಡವಾಗುತ್ತಿತ್ತು. ಅದು ಬಿಸಿಯಾಯಿತು ಎನ್ನುವ ಹೊತ್ತಿಗೆ ಆಗರ್ ಬೇಕಾದ್ದಕ್ಕಿಂತ ಹೆಚ್ಚು ಸುರಿದು ಮುಗಿಸಿರುತ್ತಿತ್ತು. ಹಾಪರಿನ ಗುಳಿಗೆಗಳು ವಸಂತದ ಮಳೆಯ ತೇವ ಕುಡಿದು ಉಬ್ಬಿ, ಅರ್ಧ ಹುಡಿಯಾಗಿದ್ದವು. ಉಳಿದರ್ಧ ಆಗರಿನ ಮೇಲೆ ಕಮಾನು ಕಟ್ಟಿ ನಿಂತು, ಕೆಳಗೆ ಟೊಳ್ಳು ಮಾಡಿದ್ದವು. ಮೇಲಿನಿಂದ ನೋಡಿದರೆ ಹಾಪರು ತುಂಬಿದಂತೆಯೇ ಕಾಣುತ್ತಿತ್ತು. ಅಂಗಡಿಯಲ್ಲಿ ಸಿಗುವ ಬೂದಿ ವ್ಯಾಕ್ಯೂಮು, ಒಂದು ಬಟ್ಟೆ, 20 ಪೌಂಡಿನ ಹೊಸ ಗುಳಿಗೆ ಚೀಲ, ಇಷ್ಟರಲ್ಲಿ ಕೆಲಸ ಮುಗಿಯಿತು. ಗ್ರಿಲ್ಲು 225ರ ಆಚೀಚೆ ಹದಿನೈದು ಡಿಗ್ರಿಯಲ್ಲಿ ತೂಗುತ್ತ ನೆಮ್ಮದಿಯಾಗಿ ಉರಿಯಿತು. ರಾಯರು ವರದಿಗೆ ಕೊನೆಯ ಸಾಲು ಸೇರಿಸಿದರು: "ಫರ್ಮ್‌ವೇರ್ ಅಪ್‌ಡೇಟ್ ನಂತರ ಸಮಸ್ಯೆ ಬಗೆಹರಿದಿದೆ."

ಬೆಂಕಿ ನಂದಿದಾಗ ಇವರು ಮಾಡುವ ಒಂದು ಕೆಲಸ ಮಾತ್ರ ನಗುವಂಥದ್ದಲ್ಲ. ಫೈರ್‌ಪಾಟಿನಲ್ಲಿ ಉರಿಯದ ಗುಳಿಗೆಗಳ ರಾಶಿ ಬಿದ್ದಿರುವಾಗಲೇ ಮತ್ತೆ ಸ್ಟಾರ್ಟ್ ಒತ್ತುತ್ತಾರೆ. ಆಗ ದಟ್ಟ ಬಿಳಿ ಹೊಗೆ ಏಳುತ್ತದೆ. ಕೆಲವೊಮ್ಮೆ ಢಬ್ಬೆಂದು ಸದ್ದಾಗಿ ಮುಚ್ಚಳವೇ ಹಾರುತ್ತದೆ. ಗ್ರಿಲ್ಲು ಆರಿಸಿ, ತಣ್ಣಗಾಗಲು ಬಿಟ್ಟು, ಬಟ್ಟಲು ಖಾಲಿ ಮಾಡಿಯೇ ಹಚ್ಚಬೇಕು. ಪಕ್ಕದ ಮನೆಯ ಟೆಕ್ಸಸ್ಸಿನ ಹಿರಿಯರು ಕಟ್ಟಿಗೆ ಒಲೆಯವರು. ಬೇಲಿಯ ಮೇಲಿಂದ ಹೊಗೆ ನೋಡಿ ಅವರು ಟೋಪಿ ತೆಗೆದದ್ದನ್ನು ರಾಯರು ಮೆಚ್ಚುಗೆ ಎಂದುಕೊಂಡರು.

ಸಸ್ಯಾಹಾರಿಗಳನ್ನು ರಾಯರು ಮರೆಯುವವರಲ್ಲ. ಅವರಿಗೆಂದು ಸುಟ್ಟ ಬದನೆಕಾಯಿ ಗೊಜ್ಜಿನ ಏರ್ಪಾಡು ಇರುತ್ತದೆ. 225ರಲ್ಲಿ ಬದನೆಕಾಯಿ ಬೆವರುತ್ತದೆ, ಸುಕ್ಕಾಗುತ್ತದೆ, ಸುಡುವುದಿಲ್ಲ. ಸಂಜೆಯಾದಾಗ ಮನೆಯವರು ಯಾರಿಗೂ ಹೇಳದೆ ಅದನ್ನು ಒಳಗೆ ಒಯ್ದು ಗ್ಯಾಸಿನ ಉರಿಯಲ್ಲಿ ಸಿಪ್ಪೆ ಕರಿಯಾಗುವ ತನಕ ಸುಟ್ಟು, ಒಗ್ಗರಣೆ ಹಾಕಿ ತರುತ್ತಾರೆ. "ಹೊಗೆ ವಾಸನೆ ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ!" ಎಂದು ರಾಯರು ಎಲ್ಲರ ತಟ್ಟೆಗೂ ಬಡಿಸುತ್ತಾರೆ. ಮನೆಯವರು ನೀರು ತರಲು ಎದ್ದು ಹೋಗುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಲೇಬೇಕು. ರಾತ್ರಿ ಎಂಟಕ್ಕೆ ಬಂದ ಆ ಮಾಂಸ ಬೆರಳು ತಾಗಿದರೆ ಬಿಡಿಸಿಕೊಳ್ಳುವಷ್ಟು ಮೃದುವಾಗಿತ್ತು. ಕೊಡಗಿನ ಗೆಳೆಯರೂ ಎರಡನೇ ಸಲ ಬಡಿಸಿಕೊಂಡರು. ಬೆಳಗಿನಿಂದ 202ಕ್ಕೂ 261ಕ್ಕೂ ನಡುವೆ ಓಡಾಡಿದ ಕಾವನ್ನು ಮಾಂಸ ಗಮನಿಸಿದಂತೆಯೇ ಇರಲಿಲ್ಲ. ಅದಕ್ಕೆ ಆ್ಯಪ್ ಇರಲಿಲ್ಲ ನೋಡಿ.

ನಿಮ್ಮ ಊರಿನ ಇನ್ನೂರಿಪ್ಪತ್ತೈದು ರಾಯರು ಶನಿವಾರ ಮಧ್ಯಾಹ್ನದ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಮನೆಯಲ್ಲಿ ಒಂದು ತಟ್ಟೆ ಮೊಸರನ್ನ ತಿಂದು, ನಾಲ್ಕರ ಮೇಲೆ ಹೊರಡಿ. ಗ್ರಾಫು ತೋರಿಸಿದರೆ ತಲೆದೂಗಿ, ಮುಚ್ಚಳ ತೆರೆಯಹೋದರೆ ಮಾತಿಗೆಳೆಯಿರಿ. ಬೂದಿಯ ವಿಷಯ ಮಾತ್ರ ಊಟ ಮುಗಿದ ಮೇಲೆ ಎತ್ತಿ.