ಸಾಕಿದ ಗಿಣಿ, ಸಾಕಾದ ಪ್ರಶ್ನೆ

“ಮನೇಲೇ ಹುಟ್ಟಿದ ಮರಿ ರಾಯರೇ.” “ಅಪ್ಪ ಅಮ್ಮ ಎಲ್ಲಯ್ಯಾ ಶೀನ?” “ಆಲದ ಪೊಟರೇಲಿ!” ಪೊಟರೆಯೂ ಒಂದು ಮನೆಯೇ ಎಂಬ, ಗಿಣಿ ಮಾರುವ ಶೀನನ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಹಸಿರು ಗಿಣಿಯನ್ನು ಹಿಡಿಯಬಾರದು, ಮಾರಬಾರದು ಎನ್ನುವ 1972ರ ವನ್ಯಜೀವಿ ಕಾಯ್ದೆಯನ್ನು ಗಿಣಿ ಓದಿಲ್ಲ. ರಾಯರು ಓದಬಲ್ಲರು, ಕನ್ನಡಕ ಮನೆಯಲ್ಲಿದೆ. “ಹಾಗಾದ್ರೆ ಆಫ್ರಿಕಾದ ಬೂದು ಗಿಣಿ ಕೊಡು. ಸಾಕಿದ್ದು ತಾನೆ?” “ಸಾಕು ರಾಯರೇ, ಎಷ್ಟು ಪ್ರಶ್ನೆ! ಕಾಲಲ್ಲಿ ಉಂಗುರವೇ ಇದೆ.” ಉಂಗುರ ಸಾಕ್ಷಿಯೆಂದು ಒಪ್ಪೋಣ, ಆದರೆ ಎಂಥ ಉಂಗುರ? ಸೀಳಿಲ್ಲದ್ದು ಎಳೆಮರಿಯ ಪಾದವನ್ನಷ್ಟೇ ದಾಟುತ್ತದೆ, ಹಾಗಾಗಿ ಗೂಡಿನ ಗುಟ್ಟು ಹೇಳುತ್ತದೆ; ಸೀಳಿರುವುದನ್ನು ಕಾಡಿನಿಂದ ನಿನ್ನೆ ಬಂದ ಮುದಿಗಿಣಿಗೂ ತೊಡಿಸಬಹುದು. “ಇದರಲ್ಲಿ ಸೀಳಿದೆಯಲ್ಲೋ?” “ಗಾಳಿ ಆಡ್ಲಿ ಅಂತ.”

ದಾಖಲೆ ಕೇಳುವುದು ಮನುಷ್ಯರ ಮೇಲಿನ ಅಪನಂಬಿಕೆ ಎಂದು ಕೆಲವರಿಗೆ ಬೇಸರ. ಇರಬಹುದು; 2016ರಲ್ಲಿ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಸಭೆ ಈ ಬೂದು ಗಿಣಿಯನ್ನು ಅತಿ ಬಿಗಿ ನಿಯಮಗಳ ಮೊದಲ ಅನುಬಂಧಕ್ಕೆ ಏರಿಸಿದ್ದೂ ಮಾರುವವರ ಮೇಲಿನ ಅತಿಯಾದ ನಂಬಿಕೆಯಿಂದೇನಲ್ಲ. ನಮ್ಮಲ್ಲಿ ಇಂಥ ಹಕ್ಕಿಯನ್ನು ಸರ್ಕಾರದ ಜಾಲತಾಣವಾದ ಪರಿವೇಶ್‌ನಲ್ಲಿ ನೋಂದಾಯಿಸಬೇಕು. “ಪರಿವೇಶ್?” “ಆ ವೇಷ ನಾವು ಕಟ್ಟಲ್ಲ ರಾಯರೇ.” ಸರಿಯಾಗಿ ಸಾಕಿ ಮಾರುವವರ ಬಳಿ ಬೆಲೆ ಜಾಸ್ತಿ ಎಂಬ ಇನ್ನೊಂದು ತಕರಾರಿದೆ. ನಿಜ, ಮರಿ ತಾನೇ ಕಾಳು ಒಡೆಯುವವರೆಗೆ ಅವರು ಮಾರುವುದಿಲ್ಲ, ಆ ದಿನಗಳ ಖರ್ಚೂ ಬೆಲೆಗೆ ಸೇರುತ್ತದೆ. ಮೇಲಾಗಿ ಪಂಜರದ ಅಳತೆ, ಮನೆಯವರ ಪುರಸೊತ್ತು ಎಲ್ಲ ವಿಚಾರಿಸಿ ಹೆಣ್ಣು ಕೊಡುವವರಂತೆ ಕಾಡುತ್ತಾರೆ. ಶೀನನಿಗೆ ಆ ದುರಭ್ಯಾಸವಿಲ್ಲ. “ಮರಿ ತಾನೇ ತಿನ್ನುತ್ತಾ?” “ನೀವೇ ಸಿರಿಂಜಲ್ಲಿ ಉಣಿಸಿ, ಪ್ರೀತಿ ಹೆಚ್ಚುತ್ತೆ.” “ರಸೀದಿ?” ಶೀನ ಬಾಯಿ ತೆರೆಯುವ ಮೊದಲೇ ಪಂಜರದಿಂದ ಉತ್ತರ ಬಂತು: “ನಾಳೆ ಬನ್ನಿ, ನಾಳೆ ಬನ್ನಿ!”